ಹಂಚಿದ ಹಾಲಿನ ಹೊಣೆ



ವಿಮೋಚನಾಕಾಂಡದ ಎರಡನೆಯ ಅಧ್ಯಾಯದಲ್ಲಿ ಬರುವ ಪುಟ್ಟ ಹುಡುಗಿಯೊಬ್ಬಳನ್ನು ನಾವು ಹೆಚ್ಚು ಗಮನಿಸದೆ ಮುಂದೆ ಸಾಗಿಬಿಡುತ್ತೇವೆ. ಜೊಂಡಿನ ನಡುವೆ ಇರಿಸಿದ ತಮ್ಮನ ಬುಟ್ಟಿಯನ್ನು ದೂರದಿಂದ ಕಾಯುತ್ತಾ ನಿಂತವಳು ಅವಳು. ಪರಂಪರೆ ಅವಳನ್ನು ಮಿರ್ಯಾಮಳೆಂದು ಗುರುತಿಸುತ್ತದೆ. ಫರೋಹನ ಮಗಳು ಅಳುವ ಕೂಸನ್ನು ಕಂಡು ಮರುಗಿದೊಡನೆ ಈ ಹುಡುಗಿ ಮುಂದೆ ಬಂದು, ಹಾಲೂಡಿಸುವ ಹೆಂಗಸೊಬ್ಬಳನ್ನು ಕರೆತರುವುದಾಗಿ ಹೇಳುತ್ತಾಳೆ. ಕರೆತರುವುದು ಮಗುವನ್ನು ಹೆತ್ತ ತಾಯಿಯನ್ನೇ. ರಾಜಕುಮಾರಿಯ ಕರುಣೆಯನ್ನೂ ತಾಯಿಯ ಧೈರ್ಯವನ್ನೂ ಕುರಿತು ಎಷ್ಟೋ ಪ್ರಬೋಧನೆಗಳನ್ನು ಕೇಳಿದ್ದೇವೆ. ನನಗೆ ಮಾತ್ರ ಆ ಹುಡುಗಿಯ ಜಾಣತನವೇ ಮುಖ್ಯವೆನಿಸುತ್ತದೆ. ಮಗುವಿನ ಬಾಯಿಗೆ ಬೀಳುವ ಹಾಲು ಯಾರದೆಂದು ಆ ಹೊಳೆಯ ದಂಡೆಯಲ್ಲಿ ಬಲ್ಲವಳು ಅವಳೊಬ್ಬಳೇ.

ಒಬ್ಬಳು ಹೆತ್ತ ಮಗುವಿಗೆ ಇನ್ನೊಬ್ಬಳು ಹಾಲೂಡುವುದು ಮನುಷ್ಯಕುಲದಷ್ಟೇ ಹಳೆಯ ವಾಡಿಕೆ. ರೆಬೆಕ್ಕಳ ದಾದಿ ದೆಬೋರಳು ಸತ್ತಾಗ ಬೇತೇಲಿನ ಬಳಿ ಮರವೊಂದರ ಕೆಳಗೆ ಅವಳನ್ನು ಸಮಾಧಿ ಮಾಡಿದ ಸಂಗತಿಯನ್ನು ಆದಿಕಾಂಡ ಮರೆಯದೆ ದಾಖಲಿಸಿದೆ. ಇಂದು ನಾವು ಆಸ್ಪತ್ರೆಯ ನರ್ಸಿಗೆ ಬಳಸುವ ‘ದಾದಿ’ ಎಂಬ ಮಾತಿಗೆ, ಪರರ ಮಗುವನ್ನು ಸಾಕಿ ಹಾಲೂಡುವವಳು ಎಂಬ ಹಳೆಯ ಅರ್ಥವಿದೆ. ಶಾಲೆಯಲ್ಲಿ ನಾವೆಲ್ಲ ಕಲಿತ ಗೋವಿನ ಹಾಡಿನಲ್ಲಿಯೂ ಪುಣ್ಯಕೋಟಿಯ ಕರುವನ್ನು ಕಾಡುವ ಚಿಂತೆ, ಅವ್ವ ಹೋದ ಬಳಿಕ ತನಗೆ ಹಾಲೂಡುವವರು ಯಾರು ಎಂಬುದೇ. ನಮ್ಮ ಹಿರಿಯರ ಕೂಡುಕುಟುಂಬಗಳಲ್ಲಿ ಅಕ್ಕನ ಮಗುವಿಗೆ ತಂಗಿ, ನಾದಿನಿಯ ಮಗುವಿಗೆ ಅತ್ತಿಗೆ ಹಾಲು ಕೊಟ್ಟದ್ದಕ್ಕೆ ಲೆಕ್ಕವಿಟ್ಟವರಿಲ್ಲ. ಆದುದರಿಂದ ಈ ಲೇಖನದಲ್ಲಿ ಹಾಲು ಹಂಚುವುದನ್ನು ಕುರಿತು ಎಚ್ಚರಿಕೆಯ ಮಾತುಗಳನ್ನು ಬರೆಯುವಾಗ, ಆ ತಾಯಂದಿರ ಪ್ರೀತಿಯನ್ನು ಸಂದೇಹಿಸುತ್ತಿದ್ದೇನೆಂದು ದಯವಿಟ್ಟು ತಿಳಿಯಬಾರದು.

ನಾನು ಬೆಳಗಾವಿಯ ನೆಹರು ನಗರದವಳು. ನಮ್ಮ ಬಡಾವಣೆಯ ಜೀವನವೇ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜಿನ ಸುತ್ತ ಬೆಳೆದದ್ದು. ಔಷಧದಂಗಡಿ, ಖಾನಾವಳಿ, ಎಳನೀರಿನ ಗಾಡಿ, ಕೈಯಲ್ಲಿ ಎಕ್ಸ್‌ರೇ ಲಕೋಟೆ ಹಿಡಿದು ವಿಳಾಸ ಕೇಳುವ ಹಳ್ಳಿಯವರು: ಇದೇ ನಮ್ಮ ನಿತ್ಯದ ನೋಟ. ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ರೋಗಿಗಳ ಕಡೆಯವರು ತಿಂಗಳು, ಹದಿನೈದು ದಿನ ಬಾಡಿಗೆಗೆ ಇರುವುದುಂಟು. 2012ರ ಮಳೆಗಾಲದಲ್ಲಿ ಖಾನಾಪುರ ತಾಲೂಕಿನ ಒಳಹಳ್ಳಿಯ ಒಂದು ಕುಟುಂಬ ಹೀಗೆ ಬಂದು ಇಳಿಯಿತು. ಏಳು ತಿಂಗಳಿಗೇ ಹುಟ್ಟಿದ ಗಂಡುಮಗು, ತೂಕ ಒಂದು ಕಿಲೋ ಮುನ್ನೂರು ಗ್ರಾಂ. ಕೂಸು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ, ಎಳೆಯ ಬಾಣಂತಿ ವಾರ್ಡಿನಲ್ಲಿ, ಅವಳ ಅತ್ತೆ ನಮ್ಮ ಕೋಣೆಯಲ್ಲಿ. ನಾವೆಲ್ಲರೂ ಆ ಹಿರಿಯಳನ್ನು ‘ಆಯಿ’ ಎಂದೇ ಕರೆಯುತ್ತಿದ್ದೆವು. ಅದೇ ಸಮಯಕ್ಕೆ ನನ್ನ ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅವಳಿಗೆ ಹಾಲು ಧಾರಾಳ. ಎಷ್ಟೋ ಸಲ ಹಿಂಡಿ ಚೆಲ್ಲಬೇಕಾಗುತ್ತಿತ್ತು.

ಮೂರನೆಯ ದಿನ ಆಯಿ ಕೈಯಲ್ಲಿ ತೊಳೆದ ಸ್ಟೀಲಿನ ಡಬ್ಬಿ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

“ಬಾಯಾರ, ನಮ್ಮ ಸೊಸಿಗೆ ಹಾಲ ಇಳದಿಲ್ರಿ. ನಿಮ್ಮ ಮಗಳು ಚೆಲ್ಲತಾಳ. ಒಂದ ವಾಟಗಾ ನಮ್ಮ ಕೂಸಿಗೆ ಕೊಟ್ರ ನಿಮ್ಮ ಉಪಕಾರ ಮರಿಯೂದಿಲ್ಲ.”

ಓದುಗರೇ, ಇಂತಹ ಕೋರಿಕೆಗೆ ಇಲ್ಲವೆನ್ನುವ ಹೆಂಗಸು ಇದ್ದಾಳೆಯೇ? ಮಗಳು ಆಗಲೇ ಎದ್ದು ಕುಳಿತಿದ್ದಳು. ಆದರೆ ಮಗು ಆಸ್ಪತ್ರೆಯವರ ಸುಪರ್ದಿನಲ್ಲಿದ್ದುದರಿಂದ, ಮೊದಲು ಅಲ್ಲಿಯ ಸಿಸ್ಟರನ್ನು ಕೇಳಿ ಬರುವುದೆಂದು ನಾನೂ ಆಯಿಯೂ ಛತ್ರಿ ಹಿಡಿದು ಹೊರಟೆವು. ಶಿಶುವಿಭಾಗದ ಆ ಸಿಸ್ಟರು ಕೇರಳದ ಕಡೆಯವರು. ಕೆಲಸದ ಒತ್ತಡದ ನಡುವೆಯೂ ನಿಂತು ಉತ್ತರ ಕೊಟ್ಟರು. “ಆಯಿ, ಈ ಹಾಲು ತಗೊಳ್ಳೋಕೆ ಆಗಲ್ಲ. ಕೊಡೋ ಅಮ್ಮ ಒಳ್ಳೆಯವರು, ನನಗೆ ಗೊತ್ತು. ಆದರೆ ಅವರ ರಕ್ತಪರೀಕ್ಷೆ ಆಗಿಲ್ಲ, ಹಾಲಿನ ಪರೀಕ್ಷೆ ಆಗಿಲ್ಲ. ನಿಮ್ಮ ಮಗು ತುಂಬಾ ಸಣ್ಣದು.” ಆಯಿಯ ಮುಖ ಕಪ್ಪಿಟ್ಟಿತು. ದಾರಿಯುದ್ದಕ್ಕೂ ಆಕೆ ಮಾತಾಡಲಿಲ್ಲ. ಮನೆಯ ಮೆಟ್ಟಿಲ ಬಳಿ ಮಾತ್ರ, “ಹಾಲಿನಾಗೂ ಜಾತಿ ನೋಡ್ತಾರೇನ್ರಿ?” ಎಂದಳು. ನಾವು ಕ್ರೈಸ್ತರಾದುದರಿಂದ ಅವರ ಕೂಸಿಗೆ ನಮ್ಮ ಮಗಳ ಹಾಲು ಬೇಡವೆಂದರೇನೋ ಎಂದು ಆಕೆ ಭಾವಿಸಿದ್ದಳು! ನಮಗೆ ಅವಮಾನವಾಯಿತೆಂದು ಆಕೆಗೆ ಸಂಕಟ. ಆ ಮಾತು ನನ್ನನ್ನು ಬಹಳ ಕಾಲ ಕಾಡಿತು. ಪರೀಕ್ಷೆ ಕೇಳುವುದೆಂದರೆ ಅವಮಾನ ಮಾಡುವುದು ಎಂಬ ಈ ಒಂದು ಭಾವನೆಯೇ, ಹಾಲು ಹಂಚುವ ವ್ಯವಹಾರದಲ್ಲಿ ರೋಗಾಣುಗಳಿಗಿಂತ ಹೆಚ್ಚು ಹಾನಿ ಮಾಡುತ್ತಿದೆ ಎಂಬುದು ನನ್ನ ನಂಬಿಕೆ.

ಮುಂದೆ ಆದದ್ದನ್ನು ಚುಟುಕಾಗಿ ಹೇಳುತ್ತೇನೆ. ಹಾಲು ಇಳಿದಿಲ್ಲವೆಂದು ಎಲ್ಲರೂ ಕೈಬಿಟ್ಟಿದ್ದ ಆ ಎಳೆಯ ತಾಯಿಯನ್ನು ಸಿಸ್ಟರು ಎರಡೆರಡು ಮೂರು ಮೂರು ಗಂಟೆಗೊಮ್ಮೆ, ರಾತ್ರಿಯೂ ಬಿಡದೆ, ಕೂರಿಸಿ ಕೈಯಿಂದ ಹಿಂಡುವುದನ್ನು ಕಲಿಸಿದರು. ಮೊದಲು ಬಂದದ್ದು ಹನಿಗಳು ಮಾತ್ರ. ಆ ಹನಿಗಳನ್ನೇ ಒಳಲೆಯಲ್ಲಿ ಹಿಡಿದು ಕೊಳವೆಯ ಮೂಲಕ ಕೂಸಿಗೆ ಕೊಟ್ಟರು. ಮಗುವನ್ನು ತಾಯಿಯ ಬರಿಯ ಎದೆಗೆ ಒರಗಿಸಿ ಕಾಂಗರೂವಿನಂತೆ ಕಟ್ಟಿಕೊಳ್ಳುವ ಕ್ರಮವನ್ನೂ ಮಾಡಿಸಿದರು. ವಾರದೊಳಗೆ ಹಾಲು ಸಾಕಷ್ಟಾಯಿತು. ಹಾಲು ಬೇಕೆಂದು ನೆರೆಯವಳ ಬಾಗಿಲಿಗೆ ಹೋಗುವ ಮೊದಲು ಹೆತ್ತವಳಿಗೆ ಈ ಸಹಾಯ ಸಿಕ್ಕಿದೆಯೇ ಎಂದು ವಿಚಾರಿಸುವವರು ನಮ್ಮಲ್ಲಿ ಕಡಿಮೆ. ‘ಹಾಲಿಲ್ಲ’ ಎಂದು ಬಾಣಂತಿಯ ಮೇಲೆ ತೀರ್ಪು ಕೊಡಲು ಮಾತ್ರ ಹತ್ತು ಮಂದಿ ಸಿದ್ಧರಿರುತ್ತಾರೆ.

ಸಿಸ್ಟರು ಬೇಡವೆಂದದ್ದು ಏಕೆ? ಆ ದಿನ ಆಯಿಗೆ ನಾನು ಅರ್ಧಂಬರ್ಧ ಹೇಳಿದ್ದನ್ನು ಆಮೇಲೆ ಓದಿ, ತಿಳಿದವರನ್ನು ಕೇಳಿ, ಸ್ವಲ್ಪ ವಿವರವಾಗಿ ಅರಿತುಕೊಂಡಿದ್ದೇನೆ. ತಾಯಿಯ ಹಾಲು ಅವಳ ರಕ್ತದಿಂದಲೇ ಆಗುವ ಜೀವಂತ ದ್ರವ. ಮಗುವನ್ನು ಕಾಯುವ ಅಂಶಗಳು ಅದರಲ್ಲಿ ಬರುವಂತೆಯೇ ಕೆಲವು ರೋಗಾಣುಗಳೂ ಬರಬಲ್ಲವು. ಎಚ್.ಐ.ವಿ. ಅವುಗಳಲ್ಲಿ ಎಲ್ಲರಿಗೂ ತಿಳಿದದ್ದು. 2000ರ ದಶಕದಲ್ಲಿ ನಮ್ಮ ಬೆಳಗಾವಿ ಜಿಲ್ಲೆಯು ಈ ಸೋಂಕು ಹೆಚ್ಚಾಗಿರುವ ಜಿಲ್ಲೆಗಳ ಸಾಲಿನಲ್ಲಿತ್ತೆಂಬುದನ್ನು ಹಿರಿಯ ಓದುಗರು ಮರೆತಿರಲಾರರು. ಸೋಂಕುಳ್ಳ ತಾಯಿ ಔಷಧ ಸೇವಿಸುತ್ತಾ ತನ್ನ ಮಗುವಿಗೆ ತಾನೇ ಹಾಲೂಡಿಸಬಹುದೆಂದು ಇಂದು ವೈದ್ಯರು ಹೇಳುತ್ತಾರೆ. ಅದು ಅವಳ, ಅವಳ ಮಗುವಿನ ಒಳಿತನ್ನು ತೂಗಿ ನೋಡಿದ ನಿರ್ಧಾರ. ಅದೇ ಹಾಲು ಬೇರೊಬ್ಬರ ಮಗುವಿಗೆ ಹೋಗುವಾಗ ತಕ್ಕಡಿಯೇ ಬೇರೆ. ಹೆಪಟೈಟಿಸ್ ಬಿ, ಸಿಫಿಲಿಸ್‌ಗಳಿಗೂ ಪರೀಕ್ಷೆ ಬೇಕು. ಸೈಟೋಮೆಗಾಲೋ ಎಂಬ ವೈರಾಣು ನಮ್ಮ ದೇಶದ ಬಹುಪಾಲು ಹೆಂಗಸರ ದೇಹದಲ್ಲಿ ಸದ್ದಿಲ್ಲದೆ ಇರುತ್ತದೆ. ದಿನತುಂಬಿ ಹುಟ್ಟಿದ ಮಗುವಿಗೆ ಹಾಲಿನ ಮೂಲಕ ಅದು ಬಂದರೂ ಸಾಮಾನ್ಯವಾಗಿ ಏನೂ ಆಗದು. ಒಂದು ಕಿಲೋ ತೂಕದ ಕೂಸನ್ನು ಅದು ತೀವ್ರ ಕಾಯಿಲೆಗೆ ದೂಡಬಹುದು.

“ಬಸುರಿಯಾಗಿದ್ದಾಗ ಎಲ್ಲ ಪರೀಕ್ಷೆ ಮಾಡಿಸಿದೆಯಲ್ಲ, ಕಾರ್ಡಿನಲ್ಲಿ ಇದೆಯಲ್ಲ” ಎಂದು ನನ್ನ ಮಗಳೂ ಕೇಳಿದಳು. ನ್ಯಾಯವಾದ ಪ್ರಶ್ನೆ. ಆದರೆ ಮೂರನೆಯ ತಿಂಗಳಲ್ಲಿ ಮಾಡಿಸಿದ ಪರೀಕ್ಷೆ, ಹೆರಿಗೆಯಾಗಿ ಎರಡು ತಿಂಗಳಾದ ಮೇಲಿನ ಸ್ಥಿತಿಯನ್ನು ಹೇಳಲಾರದು. ಸೋಂಕು ತಗುಲಿದ ಮೊದಲ ಕೆಲವು ವಾರ ಪರೀಕ್ಷೆಯಲ್ಲಿ ಅದು ಕಾಣಿಸಿಕೊಳ್ಳದೆ ಇರುವುದೂ ಉಂಟು. ಇದು ಯಾವ ಹೆಂಗಸಿನ ನಡತೆಯ ಮೇಲಿನ ಮಾತೂ ಅಲ್ಲ. ತನಗೆ ಸೋಂಕು ಇದೆಯೆಂದು ತಿಳಿಯದಿರುವ ಪತಿವ್ರತೆಯರನ್ನು ನಮ್ಮ ಜಿಲ್ಲೆ ಎಷ್ಟು ಮಂದಿಯನ್ನು ಕಂಡಿಲ್ಲ!

ರೋಗದ ಮಾತು ಹಾಗಿರಲಿ. ನಮ್ಮ ಭಾಗದ ಹಲವು ಹೆಂಗಸರಿಗೆ ಮಿಶ್ರಿ ಹಚ್ಚುವ ಚಟವಿದೆ. ಹುರಿದು ಪುಡಿಮಾಡಿದ ತಂಬಾಕು ಅದು. ಹಲ್ಲುಜ್ಜುವ ಪುಡಿಯೆಂದೇ ಭಾವಿಸಿದ್ದರಿಂದ, ‘ತಂಬಾಕು ಉಂಟೇ?’ ಎಂದು ಕೇಳಿದರೆ ಪ್ರಾಮಾಣಿಕವಾಗಿಯೇ ಇಲ್ಲವೆನ್ನುತ್ತಾರೆ. ಅದರ ನಿಕೋಟಿನ್ ಹಾಲಿಗೆ ಇಳಿಯುತ್ತದೆ. ಸೇವಿಸುವ ಕೆಲವು ಔಷಧಗಳೂ ಇಳಿಯುತ್ತವೆ. ಇನ್ನು ಹಿಂಡುವ ಕೈ, ಹಿಡಿಯುವ ಪಾತ್ರೆ, ಇಡುವ ಜಾಗ. ಆಗತಾನೇ ಹಿಂಡಿದ ಹಾಲು ಕೋಣೆಯ ತಾಪದಲ್ಲಿ ಸುಮಾರು ನಾಲ್ಕು ಗಂಟೆ ತಾಳುತ್ತದೆ. ಅದಕ್ಕಿಂತ ಹೆಚ್ಚು ಇಡಬೇಕಾದರೆ ಸದಾ ತಣ್ಣಗಿರುವ ಪೆಟ್ಟಿಗೆ ಬೇಕು. ಮಳೆಗಾಲದಲ್ಲಿ ಖಾನಾಪುರದ ಕಡೆ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಯಾರು ಹೇಳಬಲ್ಲರು? ಫ್ರಿಜ್ಜಿನೊಳಗೆ ಕರಗಿ ಮತ್ತೆ ಗಟ್ಟಿಯಾದ ಹಾಲು ನೋಡುವುದಕ್ಕೆ ಒಳ್ಳೆಯ ಹಾಲಿನಂತೆಯೇ ಇರುತ್ತದೆ.

ಅಪರಿಚಿತರ ಹಾಲಿನ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. ಅಮೆರಿಕದ ಒಹಾಯೋ ರಾಜ್ಯದ ಸಂಶೋಧಕರು ಅಂತರ್ಜಾಲದ ಮೂಲಕ ಮಾರಾಟವಾಗುತ್ತಿದ್ದ ತಾಯಿಹಾಲಿನ 101 ಮಾದರಿಗಳನ್ನು ಕೊಂಡು ಪರೀಕ್ಷಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಸುಮಾರು ಮುಕ್ಕಾಲು ಭಾಗದಲ್ಲಿ ಅಪಾಯಕಾರಿ ಬ್ಯಾಕ್ಟೀರಿಯಾ ಇದ್ದವು, ಇಲ್ಲವೇ ಬ್ಯಾಕ್ಟೀರಿಯಾಗಳ ಒಟ್ಟು ಸಂಖ್ಯೆ ಮಿತಿಮೀರಿತ್ತು. 2015ರಲ್ಲಿ ಅದೇ ತಂಡ ಪ್ರಕಟಿಸಿದ ಇನ್ನೊಂದು ವರದಿಯಂತೆ, 102 ಮಾದರಿಗಳಲ್ಲಿ ಹತ್ತರಲ್ಲಿ ಗಣನೀಯ ಪ್ರಮಾಣದ ಹಸುವಿನ ಹಾಲು ಬೆರೆತಿತ್ತು. ಹಣ ಬಂದಲ್ಲಿ ನೀರೂ ಬಂತು, ಹಸುವೂ ಬಂತು! ಹಣವಿಲ್ಲದೆ ಪ್ರೀತಿಯಿಂದ ಕೊಡುವವರ ಹಾಲಿಗೆ ಈ ಅಂಕಿಗಳನ್ನು ಹಾಗೆಯೇ ಅನ್ವಯಿಸುವುದು ನ್ಯಾಯವಲ್ಲ. ಆದರೆ 2021ರಲ್ಲಿ ಕೋವಿಡ್ಡಿನ ಎರಡನೆಯ ಅಲೆ ಎಳೆಗೂಸುಗಳ ತಾಯಂದಿರನ್ನು ಕೊಂಡೊಯ್ದಾಗ, ಎದೆಹಾಲು ಬೇಕೆಂಬ ಕೋರಿಕೆಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದ್ದನ್ನು ನಾವೆಲ್ಲ ನೋಡಿದ್ದೇವೆ. ಕೇಳಿದವರೂ ಕೊಟ್ಟವರೂ ಸಜ್ಜನರೇ. ನಡುವೆ ಹಾಲು ಯಾರ ಕೈಯಿಂದ ಯಾರ ಕೈಗೆ, ಎಷ್ಟು ಹೊತ್ತಿನಲ್ಲಿ ಸಾಗಿತೆಂಬುದನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಹಾಗಾದರೆ ಪರರ ಹಾಲೇ ಬೇಡ, ಡಬ್ಬಿಯ ಪುಡಿಯೇ ಮೇಲು ಎನ್ನಬೇಕೇ? ಖಂಡಿತ ಇಲ್ಲ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ಕರುಳು ಕೊಳೆಯುವ ಒಂದು ಭೀಕರ ಕಾಯಿಲೆಯಿದೆ. ದಾನಿ ತಾಯಿಯ ಹಾಲು ಕುಡಿದವುಗಳಿಗೆ ಹೋಲಿಸಿದರೆ ಪುಡಿಹಾಲು ಕುಡಿದ ಕೂಸುಗಳಲ್ಲಿ ಅದು ಸುಮಾರು ದುಪ್ಪಟ್ಟು. ಆದುದರಿಂದಲೇ ಹೆತ್ತವಳ ಹಾಲಿಲ್ಲದಿದ್ದಾಗ ಎರಡನೆಯ ಸ್ಥಾನ ದಾನಿ ತಾಯಿಯ ಸುರಕ್ಷಿತ ಹಾಲಿಗೆ. ‘ಸುರಕ್ಷಿತ’ ಎಂಬ ಆ ಒಂದು ವಿಶೇಷಣಕ್ಕಾಗಿಯೇ ಹಾಲಿನ ಬ್ಯಾಂಕುಗಳು ಹುಟ್ಟಿದವು. ಆ ಮಾತನ್ನು ನಾನು ಮೊದಲು ಕೇಳಿದ್ದು ಆ ಮಳೆಗಾಲದಲ್ಲೇ.

ಏಷ್ಯಾದ ಮೊದಲ ಹಾಲಿನ ಬ್ಯಾಂಕು ಶುರುವಾದದ್ದು ನಮಗೆ ರಾತ್ರಿಯ ಬಸ್ಸಿನ ದೂರದಲ್ಲಿರುವ ಮುಂಬಯಿಯಲ್ಲಿ, 1989ರಲ್ಲಿ, ಸಯನ್ ಆಸ್ಪತ್ರೆಯೆಂದು ಎಲ್ಲರೂ ಕರೆಯುವ ಮಹಾನಗರಪಾಲಿಕೆಯ ಆಸ್ಪತ್ರೆಯಲ್ಲಿ. ಅದನ್ನು ಕಟ್ಟಿದವರು ಡಾಕ್ಟರ್ ಆರ್ಮಿಡಾ ಫರ್ನಾಂಡಿಸ್. ಅವರು ವೈದ್ಯಶಿಕ್ಷಣ ಪಡೆದದ್ದು ನಮ್ಮ ಹುಬ್ಬಳ್ಳಿಯಲ್ಲಿ ಎಂಬುದನ್ನು ಸ್ವಲ್ಪ ಅಭಿಮಾನದಿಂದಲೇ ಬರೆಯುತ್ತಿದ್ದೇನೆ. ಬಡವರ ಆ ಆಸ್ಪತ್ರೆಯಲ್ಲಿ ಕೂಸುಗಳು ಸೋಂಕಿನಿಂದ ಸಾಯುತ್ತಿದ್ದುದನ್ನು ತಡೆಯಲು ಅವರು ನೆಚ್ಚಿದ ಸಾಧನಗಳಲ್ಲಿ ತಾಯಿಹಾಲು ಮುಖ್ಯವಾದದ್ದು. ಕರ್ನಾಟಕದಲ್ಲಿ ಈ ವ್ಯವಸ್ಥೆ ತಡವಾಗಿ ಬಂತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿಯೂ ಮಂಗಳೂರಿನ ಲೇಡಿ ಗೋಶನ್ ಆಸ್ಪತ್ರೆಯಲ್ಲಿಯೂ ಹಾಲಿನ ಬ್ಯಾಂಕು ತೆರೆದದ್ದು 2022ರಲ್ಲಿ.

ಅಲ್ಲಿ ನಡೆಯುವುದು ಮಂತ್ರವಿದ್ಯೆಯೇನೂ ಅಲ್ಲ. ತನ್ನ ಮಗುವಿಗೆ ಕುಡಿಸಿ ಮಿಕ್ಕಿದ ಹಾಲನ್ನು ಮಾತ್ರ ತಾಯಿಯಿಂದ ಪಡೆಯುತ್ತಾರೆ. ಅವಳ ಆರೋಗ್ಯ, ಔಷಧ, ಚಟಗಳನ್ನು ಕೇಳಿ ಬರೆದುಕೊಂಡು ರಕ್ತಪರೀಕ್ಷೆ ಮಾಡುತ್ತಾರೆ. ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅರ್ಧ ಗಂಟೆ ಇಟ್ಟು ಬೇಗನೆ ತಣಿಸುತ್ತಾರೆ. ಎಚ್.ಐ.ವಿ. ಮತ್ತು ಸೈಟೋಮೆಗಾಲೋ ವೈರಾಣುಗಳು ಆ ಶಾಖದಲ್ಲಿ ಉಳಿಯವು. ಬಳಿಕ ಬ್ಯಾಕ್ಟೀರಿಯಾ ಇಲ್ಲವೆಂದು ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಂಡು, ಸೊನ್ನೆಗಿಂತ 20 ಡಿಗ್ರಿ ಕೆಳಗೆ ಗಟ್ಟಿಯಾಗಿಸಿ ಇಡುತ್ತಾರೆ. ಶಾಖದಿಂದ ಹಾಲಿನ ಕೆಲವು ರಕ್ಷಕ ಗುಣಗಳು ಕುಂದುತ್ತವೆ ಎಂಬುದೂ ನಿಜ. ಆದ್ದರಿಂದ ಈ ಹಾಲು ಹೆತ್ತವಳ ತಾಜಾ ಹಾಲಿಗೆ ಸಮನಲ್ಲ; ಅವಳಿಗೆ ಹಾಲು ಬರುವವರೆಗಿನ ಸೇತುವೆ.

ಕೇಂದ್ರದ ಆರೋಗ್ಯ ಸಚಿವಾಲಯ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಹಾಲನ್ನು ಸ್ವ-ಇಚ್ಛೆಯಿಂದ, ಹಣ ಪಡೆಯದೆ ದಾನ ಮಾಡಬೇಕು. ತಾಯಿಹಾಲನ್ನು ಸಂಸ್ಕರಿಸಿ ಮಾರುವ ಉದ್ಯಮ ನಮ್ಮ ರಾಜ್ಯದಲ್ಲೂ ತಲೆಯೆತ್ತಿತ್ತು. 2024ರ ಮೇ 24ರಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು, ತಾಯಿಹಾಲಿನ ಸಂಸ್ಕರಣೆಗಾಗಲಿ ಮಾರಾಟಕ್ಕಾಗಲಿ ಕಾನೂನಿನಲ್ಲಿ ಅನುಮತಿ ಇಲ್ಲ, ಅಂತಹ ವ್ಯವಹಾರವನ್ನು ಕೂಡಲೇ ನಿಲ್ಲಿಸಬೇಕು ಎಂದು ಸೂಚಿಸಿತು. ನನಗಂತೂ ಇದು ಸರಿಯೆನಿಸಿತು. ಹಾಲಿಗೆ ಬೆಲೆ ಬಂದ ದಿನ, ಬಡ ತಾಯಿ ತನ್ನ ಮಗುವಿನ ಪಾಲನ್ನೇ ಮಾರಬೇಕಾದೀತು.

ಹೊಣೆಯ ಇನ್ನೊಂದು ಮುಖವನ್ನು ನಾವು ಕ್ರೈಸ್ತರು ಸುಲಭವಾಗಿ ಮರೆಯುತ್ತೇವೆ. ನಮ್ಮ ಮುಸ್ಲಿಂ ನೆರೆಯವರಲ್ಲಿ ಒಬ್ಬಳೇ ತಾಯಿಯ ಹಾಲುಂಡ ಮಕ್ಕಳು ಒಡಹುಟ್ಟಿದವರಿಗೆ ಸಮಾನ. ಅವರ ನಡುವೆ ಮದುವೆ ನಿಷಿದ್ಧ. 2024ರ ಜೂನಿನಲ್ಲಿ ಕರಾಚಿಯ ಆಸ್ಪತ್ರೆಯೊಂದು ತೆರೆದ ಹಾಲಿನ ಬ್ಯಾಂಕು ನಿಂತುಹೋದದ್ದು ಇದೇ ಪ್ರಶ್ನೆಯಿಂದ. ಬೆಳಗಾವಿಯಂತಹ ಊರಿನ ವಾರ್ಡಿನಲ್ಲಿ ಪಕ್ಕದ ಹಾಸಿಗೆಯ ಮಗುವಿಗೆ, ಮನೆಯವರಿಗೆ ತಿಳಿಸದೆ, ಮರುಕದಿಂದ ಯಾರಾದರೂ ಹಾಲೂಡಿಸಿದರೆ, ಇಪ್ಪತ್ತು ವರ್ಷದ ಬಳಿಕ ಒಂದು ಕುಟುಂಬದ ಅಂತಃಸಾಕ್ಷಿಗೆ ಪೆಟ್ಟಾದೀತು. ಮಗುವಿನ ತಂದೆತಾಯಿಯ ಒಪ್ಪಿಗೆಯಿಲ್ಲದೆ ಹನಿ ಹಾಲನ್ನೂ ಕೊಡಬಾರದು. ಕೊಟ್ಟದ್ದನ್ನು ಮುಚ್ಚಿಡಲೂ ಬಾರದು.

ಎಲ್ಲಕ್ಕೂ ಕಾಗದಪತ್ರ ಕೇಳುತ್ತಾ ಕೂತರೆ ಮಗು ಹಸಿವಿನಿಂದ ಸಾಯದೇ ಎನ್ನುವವರುಂಟು. 2018ರ ಜೂನಿನಲ್ಲಿ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಬಳಿ, ಕಟ್ಟಡ ಕಟ್ಟುತ್ತಿದ್ದ ಜಾಗದಲ್ಲಿ ಬಿಸುಟುಹೋದ ನವಜಾತ ಶಿಶುವೊಂದು ಪೊಲೀಸರಿಗೆ ಸಿಕ್ಕಿತು. ಮನೆಯಲ್ಲಿ ತನ್ನದೇ ಎಳೆಗೂಸಿದ್ದ ಠಾಣೆಯ ಮಹಿಳಾ ಪೇದೆಯೊಬ್ಬರು ಆ ಮಗುವನ್ನು ಎದೆಗೆತ್ತಿಕೊಂಡು ಹಾಲೂಡಿಸಿದರು. ನಾಡೇ ಅವರನ್ನು ಕೊಂಡಾಡಿತು. ನಾನೂ ಅವರಿಗಾಗಿ ಜಪಸರ ಹಿಡಿದೆ. ಸಾವಿನ ಅಂಚಿನಲ್ಲಿರುವ ಮಗುವಿಗೆ ಆಗ ಬೇಕಾದದ್ದು ಬಿಸಿಯೆದೆ ಮತ್ತು ಹಾಲು. ಆದರೆ ಆ ಒಂದು ಗಂಟೆಯ ನಿಯಮವನ್ನು, ದಿನವೂ ಫ್ರಿಜ್ಜಿನಿಂದ ಡಬ್ಬಿ ತೆಗೆದು ಕಳುಹಿಸುವ ಆರು ತಿಂಗಳ ಏರ್ಪಾಡಿಗೆ ಅಳವಡಿಸಲಾಗದು.

ನಮ್ಮ ಧರ್ಮಕೇಂದ್ರಗಳ ಮನೆಗಳಲ್ಲಿ ಹಾಲು ಮಿಕ್ಕುವ ತಾಯಂದಿರಿದ್ದಾರೆ. ಅವರಿಗೆ ನನ್ನ ವಿನಂತಿ: ಚೆಲ್ಲುವ ಮೊದಲು, ಹತ್ತಿರದ ದೊಡ್ಡ ಆಸ್ಪತ್ರೆಯ ಶಿಶುವಿಭಾಗದಲ್ಲಿ ದಾನಿಗಳಿಂದ ಹಾಲು ಪಡೆಯುವ ವ್ಯವಸ್ಥೆ ಇದೆಯೇ ಎಂದು ವಿಚಾರಿಸಿ. ಹಾಲು ಕೊಟ್ಟರೆ ಬತ್ತಿಹೋಗುತ್ತದೆ, ದೃಷ್ಟಿಯಾಗುತ್ತದೆ ಎಂದು ಹೆದರಿಸುವ ಹಿರಿಯರಿಗೆ, ತೆಗೆದಷ್ಟೂ ಊರುವುದೇ ಹಾಲಿನ ಧರ್ಮವೆಂದು ಮೆಲ್ಲಗೆ ತಿಳಿಸಿ. ಯಾರಾದರೂ ನಿಮ್ಮ ರಕ್ತಪರೀಕ್ಷೆ ಕೇಳಿದರೆ ಮುಖ ಸಿಂಡರಿಸಬೇಡಿ. ಕೇಳುವ ಕುಟುಂಬದವರೂ ಅಷ್ಟೇ. ಉಪಕಾರ ಮಾಡುವವರನ್ನು ಹೇಗೆ ಪ್ರಶ್ನಿಸುವುದೆಂಬ ಸಂಕೋಚಕ್ಕೆ ಮಗುವನ್ನು ಒತ್ತೆಯಿಡಬಾರದು.

ಇನ್ನು ನನ್ನನ್ನು ನಿಜವಾಗಿ ಚಿಂತೆಗೀಡುಮಾಡುವುದು ಖಾನಾಪುರದ ಪಶ್ಚಿಮಕ್ಕೆ, ಭೀಮಗಡದ ಕಾಡಿನೊಳಗಿರುವ ಆಮಗಾಂವ, ಗವಾಳಿ, ಕೊಂಗಳಾದಂತಹ ಹಳ್ಳಿಗಳು. ಮಳೆಗಾಲದಲ್ಲಿ ಹಳ್ಳಗಳು ತುಂಬಿದರೆ ರೋಗಿಯನ್ನು ಹೊತ್ತು ತರಬೇಕಾದ ಊರುಗಳವು. ಅಲ್ಲಿ ಬಾಣಂತಿ ತೀರಿಕೊಂಡರೆ ಹಾಲಿನ ಬ್ಯಾಂಕಿನ ಮಾತು ಯಾರ ಕಿವಿಗೆ ಬೀಳಬೇಕು? ನೆರೆಮನೆಯ ತಾಯಿಯೇ ಗತಿ. ವಿಶ್ವ ಆರೋಗ್ಯ ಸಂಸ್ಥೆ ಕೂಡ ಆರೋಗ್ಯವಂತ ದಾದಿಯ ಹಾಲನ್ನು ತಳ್ಳಿಹಾಕಿಲ್ಲ. ಅಂಥಲ್ಲಿ ಹಾಲನ್ನು ಡಬ್ಬಿಯಲ್ಲಿ ಸಾಗಿಸುವುದಕ್ಕಿಂತ ಮಗುವನ್ನು ಅವಳ ಎದೆಗೇ ಕೊಡುವುದು ಶುಚಿ. ಅವಳ ಆರೋಗ್ಯದ ಬಗೆಗೆ ಖಚಿತವಿಲ್ಲದಿದ್ದರೆ, ಹಾಲನ್ನು ಗಾಜಿನ ಪಾತ್ರೆಯಲ್ಲಿ ಹಿಡಿದು, ಆ ಪಾತ್ರೆಯನ್ನು ನೀರಿರುವ ಬೋಗುಣಿಯಲ್ಲಿಟ್ಟು, ನೀರು ಕುದಿ ಬಂದೊಡನೆ ಹೊರತೆಗೆದು ಆರಿಸಿ ಕುಡಿಸುವ ಒಂದು ಕ್ರಮವಿದೆ. ಆಫ್ರಿಕಾದ ಎಚ್.ಐ.ವಿ. ಪೀಡಿತ ತಾಯಂದಿರಿಗಾಗಿ ರೂಪುಗೊಂಡ ಉಪಾಯವಿದು. ಆರೋಗ್ಯ ಸಹಾಯಕಿಯಿಂದ ಕಣ್ಣಾರೆ ಕಲಿತೇ ಮಾಡಬೇಕು. ಊರಿನ ಆಶಾ ಕಾರ್ಯಕರ್ತೆಗೆ ಯಾವ ಮನೆಯಲ್ಲಿ ಎಳೆಗೂಸಿನ ತಾಯಿ ಇದ್ದಾಳೆಂಬುದು ಗೊತ್ತಿರುತ್ತದೆ, ಅವಳ ಪರೀಕ್ಷೆಗಳ ವಿವರ ತಾಯಿ ಕಾರ್ಡಿನಲ್ಲಿರುತ್ತದೆ. ಆ ಕಾರ್ಡು ಬಹಳಷ್ಟು ಮನೆಗಳಲ್ಲಿ ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ ಮಡಚಿ ಬಿದ್ದಿರುತ್ತದೆ. ಮಳೆ ಹಿಡಿಯುವ ಮೊದಲೇ ಅದನ್ನು ಹುಡುಕಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಕೈಗೆ ಸಿಗುವಂತೆ ಮೊಳೆಗೆ ತೂಗುಹಾಕಿ.